ಎಣ್ಣೆನೀರು ಹಾಕುವ ಕೈಗಳು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಕರೆ ಮಾಡಿದ್ದಳು. ಈಗ ಏಳು ತಿಂಗಳ ಬಸುರಿ. "ಟೀಚರ್, ಬಾಣಂತನಕ್ಕೆ ಎಣ್ಣೆನೀರು ಹಾಕುವವರನ್ನು ಊರಿನಿಂದ ಕರೆಸಬೇಕೆಂದು ಅಮ್ಮನ ಹಟ. ಅದೆಲ್ಲ ಮೂಢನಂಬಿಕೆ ಎನ್ನುತ್ತಾರೆ ನನ್ನವರು. ನಮಗೆ ವಿಜ್ಞಾನ ಕಲಿಸಿದವರು ನೀವು, ನೀವೇ ಹೇಳಿ" ಎಂದಳು. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಲೆನಾಡಿನ ಬಚ್ಚಲುಮನೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹಂಡೆಯಲ್ಲಿ ಕಾದ ನೀರು, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ, ಮಣೆಯ ಮೇಲೆ ಕಾಲು ನೀಡಿ ಕುಳಿತ ಅಜ್ಜಿ, ಆ ಕಾಲುಗಳ ಮೇಲೆ ಬೋರಲು ಮಲಗಿದ ಕೂಸು. ಎಣ್ಣೆ ಹಚ್ಚುವಾಗ ಅರಚಿದ ಕೂಸು ನೀರು ಬಿದ್ದೊಡನೆ ಸುಮ್ಮನಾಗಿ, ಒರೆಸಿ ಹಾಲು ಕುಡಿಸುವಷ್ಟರಲ್ಲಿ ನಿದ್ದೆಹೋಗುತ್ತಿತ್ತು. ಫ್ರಾನ್ಸಿನ ಪ್ರಸೂತಿ ವೈದ್ಯ ಫ್ರೆಡರಿಕ್ ಲಬ್ವಾಯೆ ಕಲ್ಕತ್ತೆಯಲ್ಲಿ ಒಬ್ಬ ಬಡ ತಾಯಿ ಹೀಗೆಯೇ ತನ್ನ ಮಗುವಿಗೆ ನೀವುವುದನ್ನು ಕಂಡು ಬೆರಗಾಗಿ, 1976ರಲ್ಲಿ ಆಕೆಯ ಹೆಸರಿನಲ್ಲೇ 'ಶಾಂತಲಾ' ಎಂಬ ಪುಸ್ತಕ ಪ್ರಕಟಿಸಿದರು. (ನಮಗೆ ಶಾಂತಲೆಯೆಂದರೆ ಬೇಲೂರು ನೆನಪಾಗುತ್ತದೆ, ಯುರೋಪಿನ ಎಷ್ಟೋ ತಾಯಂದಿರಿಗೆ ಅದು ಕೂಸಿನ ಮಾಲೀಸಿನ ಹೆಸರು!) ಹತ್ತು ವರ್ಷಗಳ ಬಳಿಕ, 1986ರಲ್ಲಿ, ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ದಿನಕ್ಕೆ ಮೂರು ಬಾರಿ, 15 ನಿಮಿಷದಂತೆ, ಹತ್ತು ದಿನ ಮೈ ನೀವಿ ನೋಡಿದರು. ಆ ಕೂಸುಗಳ ತೂಕ ಉಳಿದವಕ್ಕಿಂತ ಶೇ. 47ರಷ್ಟು ಹೆಚ್ಚು ವೇಗವಾಗಿ ಏರಿತು. ನಲವತ್ತೇ ಕೂಸುಗಳ ಚಿಕ್ಕ ಅಧ್ಯಯನ, ನಿಜ. ಆದರೆ ಆರೋಗ್ಯವಂತ ಕೂಸುಗಳಿಗೆ ಹಗುರವಾಗಿ ಮೈ ನೀವುವುದನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಹೇಳಿದೆ. ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಹಾಗೆಂದು ಅಜ್ಜಿಯಂದಿರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ಮೂಗು, ಕಿವಿಗಳಿಗೆ ಎಣ್ಣೆ ಬಿಡುವುದು ಬೇಡ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆ. ಕೂಸಿನ ಎದೆ ಹಿಂಡಿ 'ಹಾಲು' ತೆಗೆಯುವುದಂತೂ ಕೀವುಗಟ್ಟಲು ದಾರಿ. ಸಾಂಬ್ರಾಣಿ ಹೊಗೆ, ಬಾಣಂತಿಗೆ ನೀರು ಕೊಡದಿರುವುದು, ಬಸುರಿಯ ಹೊಟ್ಟೆ ತೀಡಿ ಕೂಸನ್ನು ತಿರುಗಿಸುವುದು, ಇವೆಲ್ಲ ನಿಲ್ಲಬೇಕು.

ಇಷ್ಟನ್ನೂ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಲ್ಲೆ, ಏಕೆಂದರೆ ಪುಸ್ತಕದಲ್ಲಿದೆ. ಪುಸ್ತಕ ಓದಿದ ನಾನೇ ಎಡವಿದ ಸಂಗತಿಯೊಂದಿದೆ.

2012ರಲ್ಲಿ ನನ್ನ ಮಗಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಶಸ್ತ್ರಚಿಕಿತ್ಸೆಯ ಹೆರಿಗೆ. ಹೊಲಿಗೆಯಿದ್ದುದರಿಂದ ಹೊಟ್ಟೆ ಮುಟ್ಟದೆ ಕೈಕಾಲುಗಳಿಗೆ ಮಾತ್ರ ಎಣ್ಣೆ ಹಚ್ಚಲು ಪಕ್ಕದ ಹಳ್ಳಿಯ ಅಜ್ಜಿ ಬರುತ್ತಿದ್ದಳು. ಒಂಬತ್ತನೆಯ ದಿನ ಮಗಳು ಎಡಗಾಲ ಮೀನಖಂಡ ನೋಯುತ್ತದೆಂದಳು. "ವಾತವಿರಬೇಕು, ಚೆನ್ನಾಗಿ ನೀವಿಬಿಡಿ" ಎಂದೆ ನಾನು. ಅಜ್ಜಿ ಎರಡೂ ಕಾಲುಗಳ ಮೇಲೆ ಅಂಗೈಯಿಟ್ಟು ನೋಡಿದಳು. "ಅಮ್ಮಾ, ಇದು ಒಂದೇ ಕಾಲು ಊದಿದೆ, ಬಿಸಿಯಾಗಿದೆ. ಇದನ್ನು ನಾನು ಮುಟ್ಟುವುದಿಲ್ಲ, ಡಾಕ್ಟರ ಹತ್ತಿರ ಹೋಗಿ" ಎಂದಳು. ನಾನು ಮತ್ತೂ ಒತ್ತಾಯಿಸಿದೆ. ಆಕೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಎದ್ದೇಬಿಟ್ಟಳು.

ಸ್ಕ್ಯಾನ್ ಮಾಡಿದಾಗ ಕಾಲಿನ ಒಳ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದುದು ತಿಳಿಯಿತು. ತಿಕ್ಕಿದ್ದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದರು ವೈದ್ಯರು. ಮೂವತ್ತು ವರ್ಷ ಕರಿಹಲಗೆಯ ಮೇಲೆ ರಕ್ತಪರಿಚಲನೆಯ ಚಿತ್ರ ಬರೆದವಳು ನಾನು! ಹೆರಿಗೆಯ ನಂತರದ ವಾರಗಳಲ್ಲಿ ಈ ಅಪಾಯ ಹೆಚ್ಚು, ಶಸ್ತ್ರಚಿಕಿತ್ಸೆಯಾಗಿದ್ದರೆ ಇನ್ನೂ ಹೆಚ್ಚು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಜ್ಜಿಗೆ ಹೆಪ್ಪಿನ ವಿಷಯ ಗೊತ್ತಿರಲಿಲ್ಲ. ಅಂಥ ಕಾಲನ್ನು ಮುಟ್ಟಬಾರದೆಂಬುದು ಗೊತ್ತಿತ್ತು. ಮಗಳು ಗುಣವಾದಳು.

ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೂ, ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ಕೂಸನ್ನು ನೋಡಬೇಕೆಂಬ ವ್ಯವಸ್ಥೆ ಈಗಿದೆ. ಅದೇ ದಿನಗಳಲ್ಲಿ ಎಣ್ಣೆನೀರಿನ ಅಜ್ಜಿ ನಿತ್ಯವೂ ಬರುತ್ತಾಳೆ. ಇವರಿಬ್ಬರನ್ನೂ ಒಂದೆಡೆ ಕೂರಿಸಿ ಮಾತನಾಡಿಸಿದರೆ ಮೂಗಿನ ಎಣ್ಣೆಯನ್ನು ಆಕೆ ಬಿಟ್ಟಾಳು, ಆಕೆಯ ಅಂಗೈಯ ತಿಳಿವಳಿಕೆ ಈಕೆಗೂ ದಕ್ಕೀತು. ನಾವಾದರೋ ಆಕೆಗೆ ದಿನಕ್ಕೆ ನೂರು ರೂಪಾಯಿ, ಕೊನೆಯ ದಿನ ಒಂದು ಹಳೆಯ ಸೀರೆ ಕೊಟ್ಟು ಕಳುಹಿಸಿದೆವು. ಆಕೆ ಈಗಿಲ್ಲ. ಆಕೆಯ ಸೊಸೆ ಆ ಕೆಲಸವನ್ನು ಕಲಿಯಲಿಲ್ಲ. ಆ ಸಂಬಳಕ್ಕೆ ಯಾರು ತಾನೆ ಕಲಿತಾರು?

ನನ್ನ ವಿದ್ಯಾರ್ಥಿನಿಗೆ ಇಷ್ಟು: ಕರೆಸು, ಆದರೆ ನಿನ್ನ ವೈದ್ಯರನ್ನು ಕೇಳಿದ ಮೇಲೆ, ಯೋಗ್ಯ ಸಂಬಳ ಕೊಡು, ಆಕೆ ಬೇಡವೆಂದಾಗ ಕೇಳು. ಬೆಂಗಳೂರಿಗೆ ಬಂದಿರಲು ಒಪ್ಪುವಂಥ ಅನುಭವಸ್ಥರು ಸಾಗರ, ಸೊರಬದ ಕಡೆ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯಮಾಡಿ ತಿಳಿಸಿ. ಮುಂದಿನ ತಿಂಗಳೊಳಗೆ ಬೇಕಾಗಿದೆ.