ಪರಲೋಕಕ್ಕೆ ಬಾಲಸಾಕ್ಷಿ

ಮರಣಾನಂತರ ಮನುಷ್ಯನ ಗತಿಯೇನೆಂಬ ಪ್ರಶ್ನೆಯನ್ನು ಚಲಚ್ಚಿತ್ರದವರು ಕೈಗೆತ್ತಿಕೊಂಡಾಗ ನಮಗೆ ತುಸು ಅಳುಕುಂಟಾಗುವುದು ಸಹಜವೇ. ಬೆಳಕನ್ನು ಚೆಲ್ಲಿ ವಾದ್ಯಗಳನ್ನು ನುಡಿಸಿ ಕಣ್ಣೀರು ತರಿಸುವುದು ಸುಲಭವಾದ ವಿದ್ಯೆ. ಆದರೂ ೨೦೧೪ನೆಯ ಇಸವಿ ಈಸ್ಟರ್ ಹಬ್ಬದ ವಾರದಲ್ಲಿ ಅಮೆರಿಕ ದೇಶದಲ್ಲಿ ಬಿಡುಗಡೆಯಾದ ‘ಹೆವನ್ ಈಸ್ ಫಾರ್ ರಿಯಲ್’ ಎಂಬ ಚಿತ್ರವನ್ನು ಕುರಿತು ನಮ್ಮ ಪೂರ್ವವಿದ್ಯಾರ್ಥಿನಿಯರೊಡನೆಯೂ ತಾಯಿತಂದೆಗಳೊಡನೆಯೂ ನಾಲ್ಕು ಮಾತನ್ನಾಡುವುದು ಉಚಿತವೆಂದು ತೋರುತ್ತದೆ. ಇಂತಹ ಚಿತ್ರಗಳನ್ನು ಈಗ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಮನೆಯಲ್ಲಿಯೇ ನೋಡಬಹುದಾಗಿದೆಯಷ್ಟೆ.

ಕಥೆಯು ನಡೆದದ್ದೆಂದೇ ಹೇಳಲ್ಪಟ್ಟಿದೆ. ನೆಬ್ರಾಸ್ಕ ಸಂಸ್ಥಾನದ ಇಂಪೀರಿಯಲ್ ಎಂಬ ಸಣ್ಣ ಊರಿನಲ್ಲಿ ಟಾಡ್ ಬರ್ಪೊ ಎಂಬ ಸಭಾಪಾಲಕರಿದ್ದರು. ೨೦೦೩ರಲ್ಲಿ, ಇನ್ನೂ ನಾಲ್ಕು ವರ್ಷ ತುಂಬದ ಅವರ ಮಗನಿಗೆ ಅಪೆಂಡಿಕ್ಸ್ ಒಡೆದು ವಿಷವೇರಿ, ಶಸ್ತ್ರಚಿಕಿತ್ಸೆಯಿಂದ ಪ್ರಾಣ ಉಳಿಯಿತು. ಕೆಲವು ತಿಂಗಳಾದ ಮೇಲೆ ಆ ಬಾಲಕನು, ತಾನು ಯೇಸುವಿನ ತೊಡೆಯ ಮೇಲೆ ಕುಳಿತಿದ್ದೆನೆಂದೂ ದೂತರು ತನಗಾಗಿ ಹಾಡಿದರೆಂದೂ ಸಹಜವಾಗಿ, ಆಟದ ನಡುವೆ ಎಂಬಂತೆ, ಹೇಳತೊಡಗಿದನು. ತಂದೆಯು ಬೇರೊಂದು ಕೋಣೆಯಲ್ಲಿ ಒಬ್ಬನೇ ನಿಂತು ದೇವರ ಮೇಲೆ ಕೂಗಾಡಿದ್ದನ್ನೂ ತಾನು ಕಂಡೆನೆಂದನು. ೨೦೧೦ರಲ್ಲಿ ತಂದೆಯು ಬರೆದು ಪ್ರಕಟಿಸಿದ ಪುಸ್ತಕವು ಕೋಟಿ ಪ್ರತಿಗಳಿಗೆ ಮಿಕ್ಕಿ ಹರಡಿತು. ರ‍್ಯಾಂಡಲ್ ವಾಲೇಸರ ನಿರ್ದೇಶನದಲ್ಲಿ ಅದೇ ಚಿತ್ರವಾಯಿತು. ಸುಮಾರು ೧ ಕೋಟಿ ೨೦ ಲಕ್ಷ ಡಾಲರು ವೆಚ್ಚವಾಗಿ, ೧೦ ಕೋಟಿ ಡಾಲರಿಗೂ ಮೀರಿ ಬಂದಿತು. ಸಭಾಪಾಲಕನಾಗಿ ಗ್ರೆಗ್ ಕಿನ್ನಿಯರರೂ ತಾಯಿಯಾಗಿ ಕೆಲ್ಲಿ ರೈಲಿಯವರೂ ಅಭಿನಯಿಸಿದ್ದಾರೆ. ಬಾಲಕನ ಪಾತ್ರವನ್ನು ವಹಿಸಿದ ಕಾನರ್ ಕೋರಮನ ಮುಖವನ್ನು ನೋಡಿ ಮರುಳಾಗದವರು ವಿರಳ. ಅಪಾಯವಿರುವುದೂ ಅಲ್ಲಿಯೇ.

ಏಕೆಂದರೆ ಚಿತ್ರವನ್ನು ನೋಡಿ ಎದ್ದವರು ಬಹುಮಂದಿ, ಪರಲೋಕವುಂಟೆಂಬುದಕ್ಕೆ ಇದೋ ಸಾಕ್ಷಿ ದೊರಕಿತೆಂದು ಹೇಳುತ್ತಾರೆ. ನಾವು ಹಾಗೆ ಎಣಿಸಲಾರೆವು. ಹುಡುಗನು ಸತ್ತು ಬದುಕಿದನೆಂದು ಕಥೆಯೇ ಹೇಳುವುದಿಲ್ಲ. ಅವನು ಪ್ರಾಣಾಪಾಯದಲ್ಲಿದ್ದನು, ಅಷ್ಟೇ. ನಿಜವಾಗಿ ಸತ್ತು ನಾಲ್ಕು ದಿನ ಸಮಾಧಿಯಲ್ಲಿದ್ದು ಹೊರಬಂದ ಬೇಥಾನ್ಯದ ಲಾಜರನಾದರೋ, ತಾನು ಅಲ್ಲಿ ಕಂಡದ್ದೇನೆಂಬುದನ್ನು ಕುರಿತು ಸುವಾರ್ತೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಮಾರ್ಥಳೂ ಮರಿಯಳೂ ಕೇಳದೆ ಇದ್ದಾರೆಯೆ? ಕೇಳಿದ್ದರೂ ಬರೆದವನು ಅದನ್ನು ಬರೆಯಲಿಲ್ಲ. ಆ ಮೌನದಲ್ಲಿ ಒಂದು ವಿವೇಕವಿದೆಯೆಂದು ನಮ್ಮ ಅಭಿಪ್ರಾಯ. ನಮ್ಮ ಹಿಂದೂ ವಿದ್ಯಾರ್ಥಿನಿಯರಿಗೆ ಇಲ್ಲಿ ಕಠೋಪನಿಷತ್ತಿನ ನಚಿಕೇತನ ನೆನಪಾಗದಿರದು. ಅಲ್ಲಿ ಬಾಲಕನು ಕೇಳುತ್ತಾನೆ, ಯಮನೇ ಉತ್ತರ ಕೊಡಲು ಹಿಂಜರಿದು ಬೇರೆ ವರವನ್ನು ಬೇಡೆನ್ನುತ್ತಾನೆ. ಇಲ್ಲಿಯೋ ಬಾಲಕನೇ ಉತ್ತರವನ್ನು ಕೊಡುತ್ತಾನೆ, ಹಿಂಜರಿಯುವವರು ಹಿರಿಯರು.

ಮತ್ತೊಂದು ಸಂಗತಿಯನ್ನೂ ತಾಯಿತಂದೆಗಳು ಅರಿತಿರಬೇಕು. ಇದೇ ಬಗೆಯ ಬೇರೊಂದು ಪುಸ್ತಕವೂ ೨೦೧೦ರಲ್ಲಿಯೇ ಹೊರಬಂದಿತ್ತು. ಮೋಟಾರು ಅಪಘಾತದಲ್ಲಿ ಪೆಟ್ಟುತಿಂದು ಅಂಗಸ್ವಾಧೀನ ತಪ್ಪಿದ ಬಾಲಕನೊಬ್ಬನು ಸ್ವರ್ಗಕ್ಕೆ ಹೋಗಿ ಬಂದನೆಂದು ಅದರಲ್ಲಿತ್ತು. ೨೦೧೫ರ ಜನವರಿಯಲ್ಲಿ, ಆಗ ತರುಣನಾಗಿದ್ದ ಆತನೇ, ತಾನು ಸಾಯಲೂ ಇಲ್ಲ, ಸ್ವರ್ಗಕ್ಕೆ ಹೋಗಲೂ ಇಲ್ಲ, ಜನರು ತನ್ನನ್ನು ಗಮನಿಸಲೆಂದು ಹಾಗೆ ಹೇಳಿದೆನೆಂದು ಬಹಿರಂಗಪತ್ರವನ್ನು ಬರೆದನು. ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು. ಬರ್ಪೊ ಬಾಲಕನನ್ನು ನಾವು ಅವನೊಡನೆ ಸೇರಿಸುತ್ತಿಲ್ಲ. ಅವನು ತನ್ನ ಮಾತನ್ನು ಹಿಂತೆಗೆದುಕೊಂಡವನಲ್ಲ. ಆದರೆ ಹಾಸಿಗೆ ಹಿಡಿದ ಆರು ವರ್ಷದ ಕೂಸಿನ ಮಾತಿನ ಮೇಲೆ ಹಿರಿಯರು ತಮ್ಮ ವಿಶ್ವಾಸದ ಭಾರವನ್ನೆಲ್ಲ ಹೊರಿಸಿದರೆ ಆ ಕೂಸು ಎಷ್ಟು ವರ್ಷ ಅದನ್ನು ಹೊರಬೇಕಾಗುವುದೆಂಬುದನ್ನು ಯೋಚಿಸಬೇಡವೆ? ಶಿಶುವರ್ಗಗಳಲ್ಲಿ ಪಾಠ ಹೇಳಿದವರೆಲ್ಲರೂ ಬಲ್ಲರು: ನಮ್ಮ ಮುಖವು ಯಾವ ಉತ್ತರಕ್ಕೆ ಅರಳುವುದೋ ಆ ಉತ್ತರವನ್ನೇ ಮಕ್ಕಳು ಹುಡುಕಿ ತರುತ್ತವೆ. ಅದು ಸುಳ್ಳಲ್ಲ, ಪ್ರೀತಿ. ಆದುದರಿಂದ ಈ ಚಿತ್ರವನ್ನು ನೋಡಿ ಬಂದು, ಜ್ವರದಿಂದ ಎದ್ದ ಮಗುವನ್ನು ‘ನೀನೇನು ಕಂಡೆ’ ಎಂದು ಯಾರೂ ಕೆದಕದಿರಲಿ.

ಹಾಗಾದರೆ ಚಿತ್ರವನ್ನು ನೋಡಬಾರದೆಂದೋ? ಹಾಗಲ್ಲ. ಮೋಡ, ಪ್ರಕಾಶ, ರೆಕ್ಕೆಗಳಿಂದ ಸ್ವರ್ಗವನ್ನು ತೋರಿಸಿದ ಭಾಗಗಳು ನಮಗೆ ಕ್ಯಾಲೆಂಡರಿನ ಚಿತ್ರಗಳಂತೆ ಕಂಡವು. ಅವು ಇಲ್ಲದಿದ್ದರೆ ಚೆನ್ನಾಗಿತ್ತು. ಭೂಮಿಯ ಮೇಲಿನ ಭಾಗಗಳಾದರೋ ಬೇರೆಯೇ. ಮಗನ ಮಾತನ್ನು ಕೇಳಿ ಸಂತೋಷಪಡಬೇಕಾದ ಸಭಾಪಾಲಕನೇ ತಳಮಳಿಸುತ್ತಾನೆ. ವರ್ಷಾನುಗಟ್ಟಲೆ ತಾನು ಉಪದೇಶಿಸಿದ್ದು ನಿಜವಿರಬಹುದೆಂದು ತೋರಿದಾಗ ಅವನಿಗೆ ಭಯವಾಗುತ್ತದೆ! ಇದನ್ನು ಕಲ್ಪಿಸಿದವರು ಸಭೆಗಳ ಒಳಗನ್ನು ಬಲ್ಲವರೇ ಸರಿ. ಸಭೆಯ ಹಿರಿಯರಿಗೂ ಈ ಗದ್ದಲವು ಹಿಡಿಸುವುದಿಲ್ಲ. ಅವರಲ್ಲಿ ಮಾರ್ಗೊ ಮಾರ್ಟಿಂಡೇಲರು ಅಭಿನಯಿಸಿದ ಒಬ್ಬ ತಾಯಿಯು, ಸೈನಿಕನಾಗಿದ್ದ ತನ್ನ ಮಗನನ್ನು ಕಳೆದುಕೊಂಡವಳು. ಇವರ ಮಗನು ಉಳಿದನು, ತನ್ನ ಮಗನು ಉಳಿಯಲಿಲ್ಲ. ದೇವರಿಗೆ ಇವನು ಹೆಚ್ಚಿನವನೂ ಅವನು ಕಡಿಮೆಯವನೂ ಆದನೆ ಎಂಬ ನೋವು ಆಕೆಯದು. ನಮ್ಮ ಎಣಿಕೆಯಲ್ಲಿ ಚಿತ್ರದ ನಿಜವಾದ ಪ್ರಶ್ನೆಯು ಇದು. ಉಳಿದ ಮಗುವು ತಂದ ಸಂತೋಷವಾರ್ತೆಯು ಮಗುವನ್ನು ಮಣ್ಣುಮಾಡಿ ಬಂದ ಮನೆಯಲ್ಲಿ ಹೇಗೆ ಕೇಳಿಸುವುದು? ಆ ಸಮಾಧಿಯ ಬಳಿ ಸಭಾಪಾಲಕನಿಗೆ ಮಗನ ದರ್ಶನದಿಂದ ಏನೂ ಪ್ರಯೋಜನವಾಗುವುದಿಲ್ಲ. ತಾಯಿಯ ಪ್ರೀತಿಯನ್ನೇ ಹಿಡಿದು ಮಾತಾಡಬೇಕಾಗುತ್ತದೆ.

ಇನ್ನೊಂದು ದೃಶ್ಯವು ಹೆಂಗಸರಾದ ನಮ್ಮೆಲ್ಲರಿಗೂ ಸೇರಿದ್ದು. ನಿನ್ನ ಹೊಟ್ಟೆಯಲ್ಲಿ ತೀರಿಹೋದ ನನ್ನ ಅಕ್ಕನನ್ನು ಕಂಡೆನೆಂದು ಹುಡುಗನು ತಾಯಿಗೆ ಹೇಳುತ್ತಾನೆ. ಆ ಗರ್ಭಪಾತದ ಮಾತನ್ನು ಆಕೆಯು ಅವನೆದುರು ಎಂದೂ ಎತ್ತಿದ್ದವಳಲ್ಲ. ಅವಳ ಹೆಸರೇನೆಂದು ತಾಯಿಯು ಕೇಳಿದರೆ, ನೀವು ಇಡಲೇ ಇಲ್ಲವಲ್ಲ ಎಂಬುದು ಉತ್ತರ. ಹುಡುಗನಿಗೆ ಇದು ಹೇಗೆ ತಿಳಿಯಿತೆಂಬ ತರ್ಕವನ್ನು ಬೇಕಾದವರು ಮಾಡಲಿ. ನಾವು ನೋಡಿದ್ದು ಆ ತಾಯಿಯ ಮುಖವನ್ನು. ಅಂತಹ ಮಗುವಿಗೆ ನಮ್ಮ ಮನೆಗಳಲ್ಲಿಯೂ ಹೆಸರಿಲ್ಲ, ತೊಟ್ಟಿಲಿಲ್ಲ, ಗುರುತಿನ ಕಲ್ಲೂ ಇಲ್ಲ. ಮಕ್ಕಳೆಷ್ಟೆಂದು ಕೇಳಿದವರಿಗೆ ಬದುಕಿರುವವರನ್ನು ಮಾತ್ರ ಎಣಿಸಿ ಹೇಳುತ್ತೇವೆ. ಆಗಲೇ ಮರೆತುಬಿಡು, ಇನ್ನೊಂದಾಗುತ್ತದೆ ಎಂದು ಹಿರಿಯರು ಸಮಾಧಾನ ಹೇಳಿರುತ್ತಾರೆ. ಅವರೂ ಹಾಗೆಯೇ ಹೇಳಿಸಿಕೊಂಡವರು. ಆದುದರಿಂದ ಈ ಚಿತ್ರವನ್ನು ಮಕ್ಕಳೊಡನೆ ಮಾತ್ರವಲ್ಲದೆ ಗಂಡಂದಿರೊಡನೆಯೂ, ಮನೆಯಲ್ಲಿ ಅಜ್ಜಿಯಿದ್ದರೆ ಆಕೆಯೊಡನೆಯೂ ಕುಳಿತು ನೋಡಿರೆಂದು ನಮ್ಮ ಸೂಚನೆ. ಈ ದೃಶ್ಯವು ಬಂದಾಗ ಆಕೆಯು ಏನನ್ನಾದರೂ ಹೇಳತೊಡಗಿದರೆ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ ಕೇಳಿರಿ.