ಸಾಕುನಾಯಿಯ ಮೈಕಟ್ಟು

ಮುಧೋಳದ ಬೇಟೆನಾಯಿಯನ್ನು ಮೊದಲ ಸಲ ಕಂಡವರು ಅದಕ್ಕಾಗಿ ಮರುಗುವುದುಂಟು. ಬಾಗಲಕೋಟೆ ಜಿಲ್ಲೆಯ ಆ ಊರಿನಿಂದ ಹೆಸರು ಪಡೆದ ಈ ತಳಿಗೆ ನೀಳವಾದ ಕಾಲುಗಳು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಲು ಸಣ್ಣ ನಡು. ತೆಳುವಾದ ಚರ್ಮದಡಿಯಲ್ಲಿ ಪಕ್ಕೆಲುಬುಗಳ ಗೆರೆಗಳೂ ಮೂಡಿರುತ್ತವೆ. ‘ಪಾಪ, ಮನೆಯವರು ಇದರ ಹೊಟ್ಟೆಗೆ ಹಾಕುವುದಿಲ್ಲವೆಂದು ತೋರುತ್ತದೆ’ ಎಂದು ಕನಿಕರಿಸುವವರೇ, ಮೈಭಾರವನ್ನು ಹೊರಲಾರದೆ ಏದುಸಿರು ಬಿಡುತ್ತ ದಾರಿಯಲ್ಲಿ ಕುಳಿತುಬಿಡುವ ಲ್ಯಾಬ್ರಡಾರ್ ನಾಯಿಯನ್ನು ನೋಡಿ ‘ಎಷ್ಟು ಚೆನ್ನಾಗಿ ಸಾಕಿದ್ದಾರೆ!’ ಎಂದು ಮೆಚ್ಚುತ್ತಾರೆ. ಮರುಕವೂ ತಪ್ಪು, ಮೆಚ್ಚುಗೆಯೂ ತಪ್ಪು. ಓಟಕ್ಕೆಂದೇ ರೂಪುಗೊಂಡ ಮೈಕಟ್ಟನ್ನು ಹಸಿವೆಂದೂ, ಬೊಜ್ಜನ್ನು ಆರೋಗ್ಯವೆಂದೂ ಬಗೆಯುವ ಕಣ್ಣು ಈ ವಿಷಯದಲ್ಲಿ ನಂಬತಕ್ಕ ಸಾಕ್ಷಿಯಲ್ಲ.

ತಕ್ಕಡಿಯಾದರೂ ಸಾಕ್ಷಿಯಾದೀತೇ? ಒಂದೇ ನಾಯಿಯನ್ನು ತಿಂಗಳಿಗೊಮ್ಮೆ ತೂಗಿ ಏರಿಳಿತವನ್ನು ಗಮನಿಸುವುದಕ್ಕೆ ಅದು ಉಪಯುಕ್ತವೇ ಸರಿ. ಆದರೆ ಒಂದೇ ತಳಿಯಲ್ಲಿಯೂ ಗಂಡು ಹೆಣ್ಣುಗಳ ಅಳತೆ ಬೇರೆ, ಮೂಳೆಯ ಗಾತ್ರ ಬೇರೆ. ಬೀದಿಯಿಂದ ತಂದು ಸಾಕಿದ ನಾಡನಾಯಿಯಂತೂ ಇಂತಿಷ್ಟೇ ತೂಗಬೇಕೆಂದು ಯಾವ ಪಟ್ಟಿಯೂ ಹೇಳಲಾರದು.

ಪಶುವೈದ್ಯರು ಕೈಯನ್ನು ನಂಬುತ್ತಾರೆ. ನಾಯಿಯ ಬೆನ್ನೆಲುಬಿನ ಮೇಲೆ ಎರಡೂ ಹೆಬ್ಬೆರಳುಗಳನ್ನಿಟ್ಟು, ಉಳಿದ ಬೆರಳುಗಳನ್ನು ಪಕ್ಕೆಗಳ ಮೇಲೆ ಹರಡಿ ಮೆಲ್ಲನೆ ಸವರಬೇಕು. ಆ ಸ್ಪರ್ಶವನ್ನು ಅಳೆಯುವ ಮಾದರಿಯೂ ಮನುಷ್ಯನ ಕೈಯಲ್ಲಿಯೇ ಇದೆ. ಒಂದು ಕೈಯನ್ನು ಮುಷ್ಟಿ ಕಟ್ಟಿ ಅದರ ಗಿಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿದರೆ ಎಲುಬು ಒತ್ತಿ ಎದ್ದು ತೋರುತ್ತದೆ. ಪಕ್ಕೆ ಹೀಗಿದ್ದರೆ ನಾಯಿ ಸೊರಗಿದೆ. ಅಂಗೈಯನ್ನು ಮೇಲ್ಮೊಗವಾಗಿ ಹಿಡಿದು ಬೆರಳುಗಳ ಬುಡವನ್ನು ಸವರಿದರೆ ಮಾಂಸದಡಿಯ ಎಲುಬನ್ನು ಒತ್ತಿ ಹುಡುಕಬೇಕಾಗುತ್ತದೆ. ಪಕ್ಕೆ ಹೀಗಿದ್ದರೆ ಬೊಜ್ಜು ಬೆಳೆದಿದೆ. ಚಾಚಿದ ಕೈಯ ಹಿಂಬದಿಯನ್ನು ಸವರಿದಾಗ ತೆಳುಪದರದ ಕೆಳಗೆ ಗಿಣ್ಣುಗಳು ಸಲೀಸಾಗಿ ಸಿಗುತ್ತವಲ್ಲ, ಆರೋಗ್ಯವಂತ ನಾಯಿಯ ಪಕ್ಕೆ ಹಾಗಿರಬೇಕು. ಮೇಲಿನಿಂದ ನೋಡಿದರೆ ಪಕ್ಕೆಗಳ ಹಿಂದೆ ನಡು ಕಿರಿದಾಗಿ, ಮಗ್ಗುಲಿನಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಮೇಲೇರಿ ಕಾಣಬೇಕು. ಇವನ್ನೆಲ್ಲ ಒಟ್ಟುಗೂಡಿಸಿ ವೈದ್ಯರು 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ವಿಚಿತ್ರವೆಂದರೆ ಈ ಪರೀಕ್ಷೆಯಲ್ಲಿ 9 ಪಡೆದ ನಾಯಿಯೇ ಅತಿ ಬೊಜ್ಜಿನದು. 4 ಅಥವಾ 5 ಬಂದರೆ ತೇರ್ಗಡೆ.

ಪೊಮೆರೇನಿಯನ್‌ನಂತಹ ದಟ್ಟ ಕೂದಲಿನ ನಾಯಿಯ ಬೊಜ್ಜೂ ಬಡಕಲುತನವೂ ನೋಟಕ್ಕೆ ಸಿಗುವುದಿಲ್ಲವಾದ್ದರಿಂದ ಅಲ್ಲಿ ಕೈಯೊಂದೇ ಗತಿ. ಮುಧೋಳದ ನಾಯಿಯಲ್ಲಿಯಾದರೋ ಪಕ್ಕೆಲುಬು ಕಂಡಿತೆಂದು ಗಾಬರಿಪಡಬೇಕಿಲ್ಲ. ತೊಡೆಯಲ್ಲಿಯೂ ಬೆನ್ನಿನಲ್ಲಿಯೂ ಮಾಂಸಖಂಡ ತುಂಬಿದೆಯೇ ಎಂದು ನೋಡಬೇಕು. ಮಾಂಸ ಕರಗಿ ಬೆನ್ನೆಲುಬು, ಸೊಂಟದ ಮೂಳೆಗಳು ಚೂಪಾಗಿ ಎದ್ದಿದ್ದರೆ ಅದು ಮಾತ್ರ ತಳಿಯ ಲಕ್ಷಣವಲ್ಲ. ಮೈ ಬಡಕಲಾಗಿ ಹೊಟ್ಟೆಯೊಂದೇ ಉಬ್ಬಿದ ಮರಿಯಲ್ಲಿ ಜಂತುಹುಳುಗಳಿರುವ ಸಂಭವವೇ ಹೆಚ್ಚು. ಅದನ್ನು ‘ಗುಂಡುಗುಂಡಾಗಿದೆ’ ಎಂದು ಮುದ್ದಿಸುವವರೂ ಇದ್ದಾರೆ!

‘ಮೂಕಪ್ರಾಣಿ ತಿಂದುಕೊಂಡು ಸುಖವಾಗಿರಲಿ, ಅದಕ್ಕೇಕೆ ಅಳತೆ?’ ಎಂಬುದು ಹಲವರ ವಾದ. ಪ್ರೀತಿಯಿಂದ ಹುಟ್ಟಿದ ಮಾತಾದುದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಸುಖದ ಬೆಲೆಯನ್ನು ತೆರುವುದು ನಾಯಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರವನ್ನು ಜೀವಮಾನವಿಡೀ ಕೊಟ್ಟರು. 2002ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಹೆಚ್ಚು ಉಂಡವುಗಳ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ಉಂಡವುಗಳದು 13 ವರ್ಷ. ಕೀಲುಬೇನೆಯೂ ಮಿತಾಹಾರಿಗಳನ್ನು ತಡವಾಗಿ ಕಾಡಿತು. ಎರಡು ವರ್ಷಕ್ಕೆ ಸಮೀಪದ ಈ ಅಂತರ ನಾಯಿಯ ಬಾಳಿನಲ್ಲಿ ಅಲ್ಪವೇನಲ್ಲ.

ತಟ್ಟೆಯ ಮುಂದೆ ಕುಳಿತು ದೀನವಾಗಿ ನೋಡುವ ನಾಯಿ ಹಸಿದೇ ಇರಬೇಕೆಂದೂ ಇಲ್ಲ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದರ ಜೀನಿನಲ್ಲಿ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ವ್ಯವಸ್ಥೆಗೆ ಸೇರಿದ ಒಂದು ತುಣುಕು ಲೋಪವಾಗಿರುವುದನ್ನು ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಅಂತಹ ನಾಯಿ ಉಂಡೆದ್ದ ಮೇಲೂ ಬೇಡುತ್ತದೆ. ಬೇಡಿದಾಗಲೆಲ್ಲ ಕೊಡುವವರೂ ಮನೆಯಲ್ಲಿ ಇದ್ದೇ ಇರುತ್ತಾರೆ. ಅಜ್ಜಿ ಒಂದು ಚೂರು ರೊಟ್ಟಿ, ಮಗು ಎರಡು ಬಿಸ್ಕತ್ತು, ತಂದೆ ಒಂದು ತುತ್ತು ಮೊಸರನ್ನ ಹಾಕುತ್ತಾರೆ. ತಾನು ಕೊಟ್ಟದ್ದು ಇಷ್ಟೇ ಎಂದು ಪ್ರತಿಯೊಬ್ಬರೂ ನಿಜವನ್ನೇ ಹೇಳುತ್ತಾರೆ. ಕೂಡಿಸಿ ನೋಡುವವರು ಮಾತ್ರ ಯಾರೂ ಇಲ್ಲ.

ಕೊಡುವ ಸಂತೋಷವನ್ನು ಯಾರೂ ಬಿಡಬೇಕಾಗಿಲ್ಲ. ಏಕಾಏಕಿ ತೂಕ ಇಳಿದ ಅಥವಾ ಏರಿದ ನಾಯಿಯನ್ನು ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಉಳಿದ ಮನೆಗಳಲ್ಲಿ ದಿನದ ಪೂರ್ಣ ಆಹಾರವನ್ನು ಬೆಳಗ್ಗೆಯೇ ಅಳೆದು ಒಂದು ಪಾತ್ರೆಯಲ್ಲಿ ತೆಗೆದಿಟ್ಟರಾಯಿತು. ಅಜ್ಜಿಯ ಚೂರೂ ಮಗುವಿನ ಬಿಸ್ಕತ್ತೂ ಆ ಪಾತ್ರೆಯಿಂದಲೇ ಬರಲಿ; ಪಾತ್ರೆ ಬರಿದಾದ ಮೇಲೆ ನಾಯಿ ಎಷ್ಟೇ ದೀನವಾಗಿ ನೋಡಿದರೂ ಅದರೊಡನೆ ಅಂಗಳದಲ್ಲಿ ಒಂದಿಷ್ಟು ಹೊತ್ತು ಓಡಿಯಾಡಬಹುದು.