ಮೊದಲ ನೋಟಿಸಿಗೇ ವಕೀಲರ ಬಳಿ ಹೋಗಿ

ಪತ್ರಿಕೆಯಲ್ಲಿ ಬ್ಯಾಂಕಿನ ಸ್ವಾಧೀನ ಪ್ರಕಟಣೆ ಬಂದ ಮೇಲೆ ವಕೀಲರ ಕಚೇರಿಗೆ ಓಡುವುದು ನಮ್ಮ ತಾಲ್ಲೂಕು ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಅಷ್ಟರಲ್ಲಿ ಕಾನೂನು ಕೊಟ್ಟ ಅತ್ಯಂತ ಸುಲಭದ ಅವಕಾಶ ಕೈತಪ್ಪಿರುತ್ತದೆ.

ಮನೆ ಅಡಮಾನವಿಟ್ಟು ಅಕ್ಕಿ ಗಿರಣಿಗೋ ಮಗ್ಗಕ್ಕೋ ಸಾಲ ಎತ್ತಿದವರು ಈಗಲೇ ಎಚ್ಚರಗೊಳ್ಳಬೇಕು. ಅಸಲೋ ಬಡ್ಡಿಯೋ 90 ದಿನ ಮೀರಿ ಬಾಕಿ ಬಿದ್ದರೆ ಖಾತೆ ಎನ್‌ಪಿಎ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಡಿ, 60 ದಿನದೊಳಗೆ ಪೂರ್ತಿ ಬಾಕಿ ಕಟ್ಟಿ ಎಂಬ ನೋಟಿಸ್. ತಾಯಿಯ ಹೆಸರಿನ ಮನೆಯನ್ನು ಭದ್ರತೆಗೆ ಕೊಟ್ಟಿದ್ದರೆ ಅವರ ಹೆಸರಿಗೂ ಒಂದು. ಅದರ ಮೇಲೆ ಕೋರ್ಟಿನ ಮೊಹರಿಲ್ಲ, ತಂದುಕೊಟ್ಟವನು ಅಮೀನನಲ್ಲ, ಅಂಚೆಯವನು. ಹಾಗಾಗಿ ಅದು ಬೀರು ಸೇರುತ್ತದೆ. ಮನೆಯ ಯಜಮಾನರು ಮ್ಯಾನೇಜರಿಗೆ ಒಂದು ಮಾತು ಹೇಳಿಸಲು ಶಾಸಕರ ಮನೆಗೆ ಅಲೆಯುತ್ತಾರೆ.

ಈ ಕಾಯ್ದೆಯಡಿ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಡಿಕ್ರಿಯೇ ಬೇಕಿಲ್ಲ. ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರೋಣವೆಂದರೆ 34ನೇ ಕಲಂ ಅಡ್ಡ ನಿಲ್ಲುತ್ತದೆ.

ವಕೀಲರಿಗೆ ನಿಜವಾದ ಕೆಲಸವಿರುವುದು ಆ 60 ದಿನಗಳಲ್ಲಿ. ಲಿಖಿತ ಆಕ್ಷೇಪಣೆ ಕೊಟ್ಟರೆ, ಅದನ್ನು ಒಪ್ಪದ ಬ್ಯಾಂಕು 15 ದಿನದೊಳಗೆ ಕಾರಣಸಹಿತ ಉತ್ತರಿಸಲೇಬೇಕು. ಬಡ್ಡಿ ಲೆಕ್ಕ ಸರಿಯಿದೆಯೇ? ಅಡವಿಟ್ಟದ್ದು ನಿಜಕ್ಕೂ ಉಳುಮೆಯ ಜಮೀನೇ? ಹಾಗಿದ್ದರೆ ಈ ಕಾಯ್ದೆ ಅದನ್ನು ಮುಟ್ಟುವಂತಿಲ್ಲ. ಉದ್ಯಮ ಎಂಎಸ್‌ಎಂಇ ಆಗಿದ್ದರೆ 2015ರ ಪುನಶ್ಚೇತನ ಚೌಕಟ್ಟನ್ನು ಬ್ಯಾಂಕುಗಳು ಪಾಲಿಸಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವಸೂಲಿಯೆಲ್ಲ ಮುಗಿಯುವವರೆಗೂ ಸುಮ್ಮನಿದ್ದು ಕಡೆಗೆ ಈ ಮಾತೆತ್ತಿದರೆ ನಡೆಯದು ಎಂದೂ ಅದೇ ತೀರ್ಪು ಹೇಳಿದೆ.

ತಡಮಾಡಿದರೆ ದಾರಿ ದೂರ, ಖರ್ಚೂ ಜಾಸ್ತಿ. ಸ್ವಾಧೀನ ಕ್ರಮದ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು, ಅದಿರುವುದು ಬೆಂಗಳೂರಿನಲ್ಲಿ. ಬೀದರಿನವರು ಪ್ರತಿ ವಾಯಿದೆಗೂ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಅಲ್ಲಿ ಸೋತ ಸಾಲಗಾರ ಚೆನ್ನೈಗೆ ಮೇಲ್ಮನವಿ ಒಯ್ಯಬೇಕಾದರೆ ಬಾಕಿಯ ಅರ್ಧದಷ್ಟು ಠೇವಣಿ ಇಡಬೇಕು. ಮೇಲ್ಮನವಿ ಮಂಡಳಿ ರಿಯಾಯಿತಿ ಕೊಟ್ಟರೂ ಅದು ಕಾಲು ಭಾಗಕ್ಕಿಂತ ಕೆಳಗಿಳಿಯದು. ಹರಾಜಿನ ದಿನದವರೆಗೂ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದೆಂಬ ನಂಬಿಕೆಯೂ ಈಗ ಸುಳ್ಳು. ಹರಾಜು ಪ್ರಕಟಣೆ ಹೊರಬಿದ್ದ ಕೂಡಲೇ ಆ ಹಕ್ಕು ಹೋಗುತ್ತದೆ ಎಂದು 2023ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಊರಿನ ವಕೀಲರ ಹೊಣೆಯೂ ಇಲ್ಲಿ ದೊಡ್ಡದು. ಕ್ರಯಪತ್ರ ಬರೆಸಿದವರು, ಇಸಿ ನೋಡಿ ಬ್ಯಾಂಕಿಗೆ ಅಭಿಪ್ರಾಯ ಕೊಟ್ಟವರು ಅವರೇ. ಆ ಮನೆಗೆ ನೋಟಿಸ್ ಬಂದಾಗ ‘ಇದು ಬೆಂಗಳೂರಿನ ಕೇಸು’ ಎಂದು ಕೈಚೆಲ್ಲಬಾರದು. ತಾಲ್ಲೂಕು ವಕೀಲರ ಸಂಘಗಳು ಈ ಕಾಯ್ದೆಯ ತರಬೇತಿ ನಡೆಸಲಿ. ಕಾನೂನು ಸೇವಾ ಪ್ರಾಧಿಕಾರದ ಶಿಬಿರಗಳಲ್ಲಿ ಇದಕ್ಕೂ ಒಂದು ತಾಸು ಮೀಸಲಿರಲಿ. ನೋಟಿಸಿನ ಜೊತೆ ಅದರ ಕನ್ನಡ ಪ್ರತಿಯನ್ನೂ ಬ್ಯಾಂಕುಗಳು ಕಳಿಸಲಿ.

ಸಾಲಗಾರರು ಮಾಡಬೇಕಾದದ್ದು ಇಷ್ಟು: ಲಕೋಟೆ ಕೈಗೆ ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಸಾಲ ಮಂಜೂರಾತಿ ಪತ್ರ, ಖಾತೆಯ ಸ್ಟೇಟ್‌ಮೆಂಟು, ಉದ್ಯಮ ನೋಂದಣಿ, ಜಮೀನಾದರೆ ಪಹಣಿ, ಇವಿಷ್ಟನ್ನು ಹಿಡಿದು ಅದೇ ವಾರ ವಕೀಲರನ್ನು ಕಾಣಿ.